ಗಟ್ಟಿಯಣ್ಣ ಹೊಲಿದ ಸೊಂಟದ ಪಟ್ಟಿ

ಮಳೆ ಶುರುವಾದರೆ ಸಾಕು, ನಮ್ಮ ಬೀದಿಯ ಚೀಲ ಹೊಲಿಯುವ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜಿಪ್ ಕೆಟ್ಟಿದ್ದು, ಪಟ್ಟಿ ಕಿತ್ತಿದ್ದು, ತಳ ಹರಿದಿದ್ದು. ಎಲ್ಲವೂ ಬೆಟ್ಟ ಸುತ್ತಲು ಹೊರಟವರ ಬೆನ್ನುಚೀಲಗಳು. ಅಂಗಡಿಯವನನ್ನು ನಾವು ಕರೆಯುವುದು ಗಟ್ಟಿಯಣ್ಣ ಎಂದು. ಅವನ ಹೊಲಿಗೆಯೂ ಗಟ್ಟಿ, ಗಂಟಲೂ ಗಟ್ಟಿ. ಹಟದ ವಿಷಯವಂತೂ ಕೇಳಲೇಬೇಡಿ.

ಈ ಸಲ ಬೆಟ್ಟದ ಹುಚ್ಚು ಅವನ ಮನೆಗೇ ನುಗ್ಗಿತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ರಜೆ ಹಾಕಿ, ಗೆಳತಿಯ ಜೊತೆ ಬೆಟ್ಟದಿಂದ ಬೆಟ್ಟಕ್ಕೆ ನಡೆದು ಬರುತ್ತೇನೆ ಎಂದಳು.

"ಈ ಮಳೇಲಾ? ತಲೆ ಕೆಟ್ಟಿದ್ಯಾ ನಿಂಗೆ?"

"ಬೇಸಿಗೇಲಿ ಹೋದ್ರೆ ಅಲ್ಲೇನಿರುತ್ತಪ್ಪ, ಬರೀ ಕಲ್ಲು. ಈಗಾದ್ರೆ ಎಲ್ಲಿ ನೋಡಿದ್ರೂ ಹಸಿರು, ಮಂಜು, ಜಲಪಾತ!"

ಗಟ್ಟಿಯಣ್ಣ ಸೋತ. ಮಗಳ ಮುಂದೆ ಸೋಲುವುದು ಅವನಿಗೆ ಅಭ್ಯಾಸವೇ. ಆದರೆ ಮಗಳ ಚೀಲ ಜಾರಬಾರದಲ್ಲ? ಸೊಂಟದ ಪಟ್ಟಿಯ ಪ್ಲಾಸ್ಟಿಕ್ ಕ್ಲಿಪ್ ಕಿತ್ತೆಸೆದು, ದೊಡ್ಡ ಕಬ್ಬಿಣದ ಬಕಲ್ ಕೂರಿಸಿದ. ದಾರಕ್ಕೆ ಮೇಣ ಉಜ್ಜಿ ಹೊಲಿಗೆಯ ಮೇಲೆ ಹೊಲಿಗೆ ಹಾಕಿದ. ಅದನ್ನು ಬಿಚ್ಚಲು ಎರಡು ಕೈಗಳ ಜೊತೆಗೆ ಹಲ್ಲೂ ಬೇಕಿತ್ತು.

ಅಷ್ಟರಲ್ಲಿ ಮೇಲಿನ ಮನೆಯಾಕೆ ಕೆಲಸ ಮುಗಿಸಿ ಬಂದಳು. ಅವಳು ಅಗ್ನಿಶಾಮಕ ದಳದವಳು. ಪ್ರವಾಹದಲ್ಲಿ ಸಿಕ್ಕಿಕೊಂಡವರನ್ನು ದಡಕ್ಕೆ ತರುವುದೇ ಮಳೆಗಾಲದಲ್ಲಿ ಅವಳ ಕೆಲಸ. ಬಕಲ್ ಮುಟ್ಟಿ ನೋಡಿದಳು.

"ಅಣ್ಣಾ, ಇದನ್ನ ಬೇಗ ಬಿಚ್ಚೋದು ಹೇಗೆ?"

"ಬಿಚ್ಚಬಾರದು ಅಂತಲೇ ಹೊಲಿದಿರೋದಮ್ಮ!"

"ಹಳ್ಳ ದಾಟುವಾಗ ಕಾಲು ಜಾರಿದ್ರೆ?"

"ಜಾರಿದ್ರೇನಂತೆ? ಒಳಗೆ ಹನಿ ನೀರು ಹೋಗದ ಹಾಗೆ ಹೊಲಿದಿದ್ದೀನಿ. ಚೀಲ ತೇಲುತ್ತೆ, ಜೊತೆಗೆ ಇವಳೂ ತೇಲ್ತಾಳೆ."

"ಚೀಲ ತೇಲುತ್ತೆ, ನಿಜ. ಅದು ಬೆನ್ನ ಮೇಲೆ ತೇಲ್ತಾ ಇದ್ರೆ ಮುಖ ಎಲ್ಲಿರುತ್ತೆ ಅಣ್ಣಾ?"

ಗಟ್ಟಿಯಣ್ಣ ಬಗ್ಗಿ ಬಕಲನ್ನು ಮತ್ತೊಮ್ಮೆ ನೋಡಿದ. ಆದರೆ ಅಷ್ಟು ಸುಲಭಕ್ಕೆ ಒಪ್ಪುವ ಆಸಾಮಿಯೇ ಅವನು? "ಅಯ್ಯೋ ಬಿಡಮ್ಮ, ಕಣ್ಣು ಮುಚ್ಚಿಕೊಂಡು ಬಿಚ್ತೀನಿ ನಾನು!"

"ಹಾಗಾದ್ರೆ ಹಾಕ್ಕೊಂಡು ಬೋರಲು ಮಲಗಿ."

ಚೀಲದ ತುಂಬ ಬಟ್ಟೆ ತುರುಕಿ, ಪಟ್ಟಿ ಬಿಗಿದು, ಅವನು ಅಂಗಡಿಯ ನೆಲದ ಮೇಲೆ ಮಲಗಿದ. ಅವಳು ಚೀಲವನ್ನು ಮೇಲಿನಿಂದ ಒತ್ತಿ ಹಿಡಿದಳು. ಹೊಟ್ಟೆಯ ಕೆಳಗೆ ಬಕಲ್, ಅದರ ಮೇಲೆ ಅವನ ಭಾರ. ಬೆರಳು ತೂರಿಸಲೂ ಆಗಲಿಲ್ಲ. ಕೈಕಾಲು ಬಡಿದ. "ರೀ, ಈಜು ಕಲೀತಿದ್ದೀರೇನ್ರೀ?" ಎಂದು ಹೆಂಡತಿ ನಕ್ಕಳು. ಅವನು ಒದ್ದಾಡುತ್ತಲೇ ಇದ್ದ. ನಗು ನಿಂತಿತು.

"ಇಷ್ಟು ಹೊತ್ತಿಗೆ... ನನ್ನ ಮಗಳು...?" ನೆಲದ ಮೇಲಿಂದಲೇ ಕೇಳಿದ. ಆಕೆ ಚೀಲದ ಮೇಲಿಂದ ಕೈ ತೆಗೆದಳು. ಅವನನ್ನು ಎಬ್ಬಿಸಿ ಕೂರಿಸಿದಳು.

ಆಮೇಲೆ ಮಗಳನ್ನು ಹತ್ತಿರ ಕರೆದಳು. "ನೋಡಮ್ಮ, ನೀರಿಗಿಳಿಯೋ ಮುಂಚೆ ಸೊಂಟದ್ದೂ ಎದೆಯದ್ದೂ ಕ್ಲಿಪ್ ಬಿಚ್ಚಿಬಿಡು. ಭುಜದ ಪಟ್ಟಿ ಸಡಿಲ ಮಾಡ್ಕೋ. ಬಿದ್ರೆ ಚೀಲ ಕಳಚಿ ಬಿಟ್ಟುಬಿಡು. ನೀರು ಕೆಂಪಗಾಗಿದ್ರೆ, ಕಡ್ಡಿ ಕೊಂಬೆ ಹೊತ್ತು ತರ್ತಿದ್ರೆ, ಜೋರಾಗಿ ಹರೀತಿದ್ರೆ ಇಳಿಯಲೇಬೇಡ. ನಿನ್ನ ತಲೆ ಮೇಲೆ ಬಿಸಿಲಿದ್ರೂ ಮೇಲಿನ ಬೆಟ್ಟದಲ್ಲಿ ಮಳೆ ಸುರೀತಿರಬಹುದು."

ಗಟ್ಟಿಯಣ್ಣ ಕತ್ತರಿ ತೆಗೆದುಕೊಂಡು ತನ್ನ ಹೊಲಿಗೆಯನ್ನು ತಾನೇ ಬಿಚ್ಚಿದ. ಬದುಕಿನಲ್ಲಿ ಮೊದಲ ಸಲ ಇರಬೇಕು. ಒಂದೇ ಕೈಯಲ್ಲಿ ಒತ್ತಿದರೆ ಬಿಚ್ಚಿಕೊಳ್ಳುವ ಕ್ಲಿಪ್ ಹಾಕಿದ. ಮಗಳು ಅದೇ ನೆಲದ ಮೇಲೆ ಮಲಗಿ, ಚೀಲ ಕಳಚಿ ಎದ್ದು ತೋರಿಸಿದ ಮೇಲೇ ಅವನಿಗೆ ಸಮಾಧಾನ.

ಪ್ರವಾಸದ ನಡುವೆ ಒಂದು ಸಂಜೆ ಮಗಳ ಫೋನ್ ಬಂತು. ಧ್ವನಿ ಸಪ್ಪಗಿತ್ತು.

"ಅಪ್ಪಾ, ಹಳ್ಳ ಕೆಂಪಗೆ ಉಕ್ಕಿಬಿಟ್ಟಿತ್ತು. ಒಂದಿಬ್ಬರು ಕೈ ಕೈ ಹಿಡ್ಕೊಂಡು ದಾಟಿಬಿಟ್ರು, ಬನ್ನಿ ಬನ್ನಿ ಅಂತ ಕರೆದ್ರು. ನಾವು ವಾಪಸ್ ಬಂದ್ವಿ. ಹೆದರುಪುಕ್ಕಲರು ಅಂತ ನಕ್ಕರಪ್ಪ."

"ನಗಲಿ ಬಿಡು ಪುಟ್ಟಿ. ಈಗ ಎಲ್ಲಿದ್ದೀಯ?"

"ಒಬ್ಬ ಅಜ್ಜಿ ಮನೇಲಿ. ಒಲೆ ಮುಂದೆ ಸಾಕ್ಸ್ ಒಣಗಿಸ್ತಾ ಇದ್ದೀವಿ."

ಅವನಿಗೆ ಅಳು ಬಂತು. ಖುಷಿಗೆ ಅಳುವವರನ್ನು ಆಡಿಕೊಳ್ಳುತ್ತಿದ್ದವನು ಅಂದು ಬೀದಿಯಲ್ಲಿ ಎಲ್ಲರ ಎದುರಿಗೇ ಅತ್ತ. ಮರುದಿನ ಮಳೆ ನಿಂತು, ನೀರು ಪಾದ ಮುಚ್ಚುವಷ್ಟಕ್ಕೆ ಇಳಿದು ತಿಳಿಯಾಗಿತ್ತಂತೆ. ಪಟ್ಟಿ ಬಿಚ್ಚಿಕೊಂಡು ಹುಡುಗಿಯರು ನಿಧಾನವಾಗಿ ದಾಟಿದರು.

ಮಳೆಯಲ್ಲಿ ಬೆಟ್ಟಕ್ಕೆ ಹೊರಟಿದ್ದೀರಾ? ಖಂಡಿತ ಹೋಗಿ, ಅಂಥ ಚೆಲುವು ಬೇರೆ ದಿನಗಳಲ್ಲಿ ಸಿಗದು. ಯಾವ ದಾರಿ, ಯಾವಾಗ ವಾಪಸ್ ಎಂದು ಮನೆಯಲ್ಲಿ ಹೇಳಿ ಹೋಗಿ. ನೀರಿಗಿಳಿಯುವ ಮುಂಚೆ ಚೀಲದ ಪಟ್ಟಿ ಬಿಚ್ಚಿ. ಹಳ್ಳ ಉಕ್ಕಿದ್ದರೆ ದಾಟದೆ, ನೀರಿನಿಂದ ದೂರ ಎತ್ತರದ ಜಾಗದಲ್ಲಿ ಕೂತುಬಿಡಿ, ಯಾರು ನಕ್ಕರೂ ಏಳಬೇಡಿ. ನೀರು ಇಂದಲ್ಲ ನಾಳೆ ಇಳಿಯುತ್ತದೆ. ಮನೆಯಲ್ಲಿ ನಿಮ್ಮ ದನಿ ಕೇಳುವವರೆಗೆ ಊಟ ಮುಟ್ಟದೆ ಕೂತವರಿಗೆ ನೀವು ತಡವಾಗಿ ಬಂದರೂ ಸರಿ, ಬಂದರೆ ಸಾಕು.