ಮುಳ್ಳು ಕಾಣುವ ಕಣ್ಣು

ಶಿರವಾಳದ ಹಣಮಮ್ಮನಿಗೆ ದೂರದ್ದು ಕಾಣುವುದಿಲ್ಲ ಎಂದರೆ ಊರಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ನಂಬುವುದಾದರೂ ಹೇಗೆ? ಕಾಲಲ್ಲಿ ಜಾಲಿಮುಳ್ಳು ಮುರಿದರೆ ಮಂದಿ ಕುಂಟುತ್ತ ಬರುತ್ತಿದ್ದುದು ಅವಳ ಕಟ್ಟೆಗೇ. ಅವಳ ಕೊರಳ ತಾಳಿಸರದಲ್ಲಿ ಎರಡು ಪಿನ್ನು, ಒಂದು ಪುಟ್ಟ ಚಿಮಟ ಸದಾ ತೂಗುತ್ತಿದ್ದವು. ಬಂದವರ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೂಗು ತಾಗುವಷ್ಟು ಬಗ್ಗಿ, ಚರ್ಮದೊಳಗೆ ಅಡಗಿದ ಕೂದಲೆಳೆಯಂಥ ಮುಳ್ಳನ್ನು ಎತ್ತಿ ಅವರ ಅಂಗೈಗೇ ಹಾಕಿ ಕಳಿಸುತ್ತಿದ್ದಳು. ಮನೆಯ ಎಂಬತ್ತು ಕುರಿಗಳ ಗೊರಸಿಗೂ ಅವಳೇ ಡಾಕ್ಟರು. ಅಂಥವಳು ನಲವತ್ತೈದರ ಹೊತ್ತಿಗೆ "ದೂರದ ಮಂದಿ ಮಸುಕು ಮಸುಕು ಕಾಣತಾರ" ಎಂದರೆ ಕೇಳಿದವರು ನಗದೆ ಇನ್ನೇನು ಮಾಡಿಯಾರು?

ಊರವರು ನಕ್ಕರು, ಸರಿ. ಅವಳ ಒಡಹುಟ್ಟಿದ ಅಕ್ಕ ದುರ್ಗಾದೇವಿ ಮಾತ್ರ ನಗಲಿಲ್ಲ, ಮಾತೇ ಬಿಟ್ಟಳು. ಹೋದ ವರ್ಷ ಒಂದು ಅಮಾವಾಸ್ಯೆಯ ದಿನ ದುರ್ಗಾದೇವಿ ತಿಂಥಣಿಯ ಮೌನೇಶ್ವರನ ಗುಡಿಯ ಮುಂದೆ ನಿಂತಿದ್ದಳು. ಜೊತೆಗೆ ಮಗಳನ್ನು ಕೊಡಲು ಮಾತಾಗಿದ್ದ ಹೊಸ ಬೀಗರು. ದೂರದಲ್ಲಿ ತಂಗಿಯನ್ನು ಕಂಡು ಕೈ ಎತ್ತಿ ಕರೆದಳು; "ಅಕಿನ ನೋಡ್ರಿ ನನ್ನ ತಂಗಿ" ಎಂದು ಬೀಗರಿಗೆ ತೋರಿಸಿಯೂ ತೋರಿಸಿದಳು. ಹಣಮಮ್ಮ ಆ ಕಡೆ ನೆಟ್ಟಗೆ ನೋಡಿದಳು, ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡಳು, ತಿರುಗಿ ಹೊಳೆಯ ಕಡೆ ನಡೆದುಬಿಟ್ಟಳು. ಹೊಸ ಬೀಗರ ಎದುರು ದುರ್ಗಾದೇವಿಯ ಮುಖ ಸಣ್ಣದಾಯಿತು.

ವಿಷಯ ಕಿವಿಗೆ ಬಿದ್ದ ಮರುದಿನವೇ ಹಣಮಮ್ಮ ಅಕ್ಕನ ಊರು ಸುರಪುರಕ್ಕೆ ಓಡಿದಳು. ಕಣ್ಣು ಕಾಣಲಿಲ್ಲ ಅಕ್ಕಾ ಎಂದು ಎಷ್ಟು ಬಗೆಯಲ್ಲಿ ಹೇಳಿದರೂ ದುರ್ಗಾದೇವಿ ಬಾಗಿಲಲ್ಲೇ ನಿಲ್ಲಿಸಿ ಒಂದೇ ಮಾತು ಕೇಳಿದಳು.

"ಕೂದಲಂಥ ಮುಳ್ಳು ಕಾಣತದ, ಆಳೆತ್ತರದ ಅಕ್ಕ ಕಾಣಂಗಿಲ್ಲೇನ?"

ಮಗಳ ಮದುವೆಗೆ ಊರೆಲ್ಲ ಕರೆದವಳು ತಂಗಿಯನ್ನು ಕರೆಯಲಿಲ್ಲ. ಅವತ್ತು ಹಣಮಮ್ಮ ಕುರಿಹಟ್ಟಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ, ಆಗ ಪಕ್ಕದಲ್ಲಿ ಅಕ್ಕ ಇದ್ದಳು.

ಮಗ ಬಸವಂತ ಯಾದಗಿರಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅವನೇ ಕಣ್ಣು ತೋರಿಸಿ ಕನ್ನಡಕ ಮಾಡಿಸಿಕೊಟ್ಟ. ಒಂದೂಕಾಲು ನಂಬರು, ಬಲು ದೊಡ್ಡ ರೋಗವೇನಲ್ಲ. ಆದರೆ ಹಾಕಿಕೊಂಡು ಹಟ್ಟಿಗೆ ಹೋದ ಮೊದಲ ದಿನವೇ ಮನೆಯ ನಾಯಿ ಅವಳನ್ನು ನೋಡಿ ಬೊಗಳಿತು. ಪಕ್ಕದ ಮನೆಯ ಭಾಗ್ಯ "ಬರ್ರಿ ಮೇಡಂ, ಹಾಜರಿ ತಗೋರಿ" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ತೋಳ ಬಂದರೆ ಬಡಿಗೆ ಹಿಡಿದು ಎದುರು ನಿಲ್ಲುವ ಹೆಣ್ಣು ಎರಡು ಗಾಜಿನ ಚೂರಿಗೆ ಹೆದರಿ, ಅದನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟಳು.

"ಹಂಗಾದ್ರ ಲೇಸರ್ ಮಾಡಿಸೋಣ ಯವ್ವಾ" ಎಂದ ಬಸವಂತ. "ಕಲಬುರಗಿಯಾಗ ಮಾಡ್ತಾರ. ಅರ್ಧ ತಾಸಿನ ಕೆಲಸ. ಚಸ್ಮಾನೂ ಬ್ಯಾಡ, ಮಂದಿ ನಗೋದೂ ಬ್ಯಾಡ."

ಕಣ್ಣಿನೊಳಗೆ ಬೆಳಕು ಬಿಟ್ಟು ಕೊರೆಯುತ್ತಾರೆ ಎಂದು ಕೇಳಿ ಹಣಮಮ್ಮ ಎರಡೂ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು. ಆದರೂ ಹೂಂ ಎಂದಳು. ಬರಿಗಣ್ಣಿನಿಂದ ಅಕ್ಕನನ್ನು ದೂರದಲ್ಲೇ ಗುರುತು ಹಿಡಿದು, ತಾನೇ ಮೊದಲು ಕೂಗಿ ಕರೆಯಬೇಕು. ಅವಳಿಗೆ ಬೇಕಾದದ್ದು ಇಷ್ಟೇ. ಬಸವಂತ ಸೋಮವಾರಕ್ಕೆ ಹೆಸರು ಬರೆಸಿದ. ಅದಕ್ಕೆ ಮೊದಲು ಸುರಪುರದಲ್ಲಿ ಪ್ರತಿ ಗುರುವಾರ ಬಂದು ಕೂರುವ ಕಣ್ಣಿನ ಡಾಕ್ಟರು ಮಮ್ತಾಜ ಅವರಿಗೆ ಒಮ್ಮೆ ತೋರಿಸಿಬಿಡೋಣ ಎಂದು ಡಬ್ಬಿಯ ಕನ್ನಡಕವನ್ನು ತಾಯಿಯ ಚೀಲಕ್ಕೆ ಹಾಕಿ, ಅವಳನ್ನು ಕರೆದುಕೊಂಡು ಬಂದ.

ಬಸವಂತನಿಂದ ಡಬ್ಬಿಯ ಕಥೆ ಕೇಳಿದ ಡಾಕ್ಟರು ಭಾರದ ಚೌಕಟ್ಟೊಂದನ್ನು ಅವಳ ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ಹಾಕಿ ತೆಗೆದು, ಕೊನೆಗೆ ಕಿಟಕಿಯ ಕಡೆ ತಿರುಗಿಸಿದರು.

"ಏನ್ ಕಾಣತದ ಹೇಳ್ರಿ."

"ಗುಡ್ಡ ಕಾಣತದ್ರಿ. ಬಂಡಿಗಲ್ಲ ಮ್ಯಾಲ ಏಳು ಆಡು ಅದಾವ." ಹಣಮಮ್ಮ ಇನ್ನಷ್ಟು ಮುಂದೆ ಬಗ್ಗಿದಳು. "ಕಡೀದು ಗಬ್ಬ ಅದ್ರಿ."

ಡಾಕ್ಟರು ನಕ್ಕೇ ನಕ್ಕರು. "ಲೇಸರ್ ಆದ ಮ್ಯಾಲ ಚಸ್ಮಾ ಇಲ್ದನ ಹಿಂಗ ಕಾಣತದ. ನಿಮ್ಮ ಕಣ್ಣು ಅದಕ್ಕ ಅಡ್ಡಿ ಇಲ್ಲ. ಇನ್ನ ಹತ್ತರದ್ದೂ ನೋಡಿಬಿಡ್ರಿ. ದಿನಾ ಏನ್ ಕೆಲಸ ಮಾಡ್ತೀರಿ?"

"ಮುಳ್ಳು ತೆಗೀತೀನ್ರಿ."

ಬಸವಂತನ ಹೆಬ್ಬೆರಳಿಗೆ ಔಷಧಿ ಪೆಟ್ಟಿಗೆಯ ಕಟ್ಟಿಗೆ ಸಿಬಿರು ಚುಚ್ಚಿ ಎರಡು ದಿನವಾಗಿತ್ತು. ಹಣಮಮ್ಮ ಚೌಕಟ್ಟು ಹಾಕಿಕೊಂಡೇ ಚಿಮಟ ಬಿಚ್ಚಿ ಮಗನ ಕೈಯನ್ನು ಮುಖದ ಹತ್ತಿರ ಎಳೆದುಕೊಂಡಳು. ಚಿಮಟದ ತುದಿ ಎರಡೆರಡಾಗಿ ಕಂಡಿತು. ಸಿಬಿರು ಎಲ್ಲಿದೆಯೆಂದೇ ತಿಳಿಯಲಿಲ್ಲ. ಕೈ ದೂರ ಹಿಡಿದಳು, ಹತ್ತಿರ ತಂದಳು, ಮತ್ತೆ ದೂರ ಹಿಡಿದಳು.

"ಏನಿದು ಡಾಕ್ಟ್ರವ್ವಾ, ಕಾಣವಲ್ದಲ್ಲ!"

"ಹೆದರಬ್ಯಾಡ್ರಿ, ಇದು ವಯಸ್ಸು. ನಲವತ್ತು ದಾಟಿದ ಮ್ಯಾಲ ಎಲ್ಲಾರಿಗೂ ಹತ್ತರದ್ದು ಮಸುಕು ಆಗತದ. ನನಗೂ ಆಗ್ಯಾದ, ನೋಡ್ರಿ" ಎಂದು ಡಾಕ್ಟರು ಮೇಜಿನ ಮೇಲಿದ್ದ ತಮ್ಮ ಕನ್ನಡಕ ತೋರಿಸಿದರು. "ನಿಮಗ ಇನ್ನಾ ಗೊತ್ತಾಗಿಲ್ಲ, ಯಾಕಂದ್ರ ಈ ಒಂದೂಕಾಲು ನಂಬರ ನಿಮ್ಮ ಹತ್ತರದ ನೋಟ ಕಾಯಾಕತ್ತದ. ಲೇಸರ್ ಮಾಡಿಸಿದ್ರ ದೂರದ್ದು ಸಾಫ್ ಆಗತದ, ಮುಳ್ಳಿಗೆ ಚಸ್ಮಾ ಬೇಕಾಗತದ. ಒಂದು ಕಣ್ಣು ದೂರಕ್ಕ, ಒಂದು ಹತ್ತರಕ್ಕ ಅಂತ ಒಂದೇ ಕಣ್ಣಿಗೆ ಮಾಡಿಸೋರೂ ಅದಾರ, ಅದು ಎಲ್ಲಾರಿಗೂ ಒಗ್ಗಂಗಿಲ್ಲ. ಬಿಟ್ರೂ ಕಣ್ಣಿಗೇನ ಧಕ್ಕಿ ಇಲ್ಲ. ನೀವ ವಿಚಾರ ಮಾಡ್ರಿ. ಅಲ್ಲೀತನ ಹೊರಗ ಹೋಗಾಗ ಚಸ್ಮಾ ಹಾಕ್ಕೋರಿ, ಡಬ್ಬ್ಯಾಗ ಇಡಬ್ಯಾಡ್ರಿ."

ಚೌಕಟ್ಟು ಕಳಚಿದ್ದೇ ತಡ, ಹಣಮಮ್ಮ ಮಗನ ಸಿಬಿರನ್ನು ಒಂದೇ ಸಲಕ್ಕೆ ಎತ್ತಿ ಎಸೆದಳು. ಜೀವಕ್ಕೆ ಸ್ವಲ್ಪ ಸಮಾಧಾನವಾಯಿತು, ಮನಸ್ಸಿಗೆ ಮಾತ್ರ ಆಗಲಿಲ್ಲ. ಒಂದು ಕಡೆ ಅಕ್ಕ, ಇನ್ನೊಂದು ಕಡೆ ಇಪ್ಪತ್ತೈದು ವರ್ಷದ ಕೈಗುಣ. ಯಾವುದನ್ನು ಬಿಡುವುದು?

ಬಸ್ ಸ್ಟ್ಯಾಂಡಿನಲ್ಲಿ ಬಸವಂತ ಊರ ದಾರಿಯ ಶಹಾಪುರದ ಬಸ್ಸು ಕೇಳಲು ಒಳಗೆ ಹೋದ. ಹಣಮಮ್ಮ ಅತ್ತಿತ್ತ ನೋಡಿ, ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಡಾಕ್ಟರ ಮಾತಿಗೆ ಬೆಲೆ ಕೊಟ್ಟು ಚೀಲದಿಂದ ಕನ್ನಡಕ ತೆಗೆದು ಏರಿಸಿದಳು. ಪರಿಚಯದವರು ಕಂಡದ್ದು ಆಮೇಲೆಯೇ.

ರಸ್ತೆಯ ಆಚೆ ಬೇವಿನ ಮರದ ಕೆಳಗೆ ದುರ್ಗಾದೇವಿ ಆಟೋಗೆ ಕಾಯುತ್ತಿದ್ದಳು. ಹಸಿರು ಸೀರೆ, ಕೈಯಲ್ಲಿ ಚೀಲ, ಕಾಲು ಕದಲಿಸಿದಾಗೊಮ್ಮೆ ಹಲ್ಲು ಕಚ್ಚುತ್ತಿದ್ದಳು. ಹಲ್ಲು ಕಚ್ಚುವುದೂ ಕಂಡಿತು! ಎಡಗಾಲಿನ ಹಿಮ್ಮಡಿ ನೆಲಕ್ಕೆ ಊರುತ್ತಿಲ್ಲ. ಕುಂಟುವ ಕುರಿಯನ್ನು ನೋಡಿ ಮುಳ್ಳು ಎಲ್ಲಿದೆ ಎಂದು ಹೇಳುವವಳಿಗೆ ಇನ್ನೇನು ಬೇಕು? ಕನ್ನಡಕ, ನಾಚಿಕೆ, ಸುತ್ತಲಿನ ಮಂದಿ ಎಲ್ಲ ಮರೆತು ಹಣಮಮ್ಮ ಗಂಟಲು ಹರಿಯುವಂತೆ ಕೂಗಿದಳು.

"ಅಕ್ಕಾ! ದುರ್ಗಕ್ಕಾ! ಎಡಗಾಲು ಊರಬ್ಯಾಡ, ಅಲ್ಲೇ ನಿಂದ್ರು!"

ಬಸ್ ಸ್ಟ್ಯಾಂಡೆಲ್ಲ ತಿರುಗಿ ನೋಡಿತು. ಅವಳು ರಸ್ತೆ ದಾಟಿ ಹೋಗಿ ಅಕ್ಕನನ್ನು ಮರದ ಕಟ್ಟೆಯ ಮೇಲೆ ಕೂರಿಸಿದಳು. ದುರ್ಗಾದೇವಿಗೆ ಸಿಟ್ಟು ಮಾಡಲೂ ವೇಳೆ ಸಿಗಲಿಲ್ಲ.

"ಮುಳ್ಳು ಚುಚ್ಚಿ ಎಷ್ಟ ದಿನ ಆತು?"

"ಐದು ದಿನ. ಡಾಕ್ಟರ ಕಡಿ ಕೊಯ್ಸಾಕ ಹೊಂಟಿದ್ದೆ."

"ನನ್ನ ಕಡಿ ಬರಾಕ ಏನಾಗಿತ್ತು?"

ದುರ್ಗಾದೇವಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಅಷ್ಟ ದೂರದಿಂದ ನನ್ನ ಕಾಲು ಹೆಂಗ ಕಾಣ್ತು ನಿನಗ?"

"ಇದ್ರಾಗ ಕಾಣತದ. ಅವತ್ತು ತಿಂಥಣ್ಯಾಗ ಇದು ಇದ್ದಿಲ್ಲ." ಹಣಮಮ್ಮ ಕನ್ನಡಕ ತೆಗೆದು ಅಕ್ಕನ ಕೈಗಿಟ್ಟಳು. "ಹಿಡಕೊ. ಮುಳ್ಳಿಗೆ ಇದು ಬ್ಯಾಡ."

ಅಕ್ಕನ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೂಗು ತಾಗುವಷ್ಟು ಬಗ್ಗಿ, ಪಿನ್ನಿನಿಂದ ಚರ್ಮ ಸರಿಸಿ, ಚಿಮಟದಿಂದ ಎಳೆದಳು. ದುರ್ಗಾದೇವಿ ಒಮ್ಮೆ ಹಾ ಎಂದಳು. ಮುರಿದ ಮುಳ್ಳು ಅವಳ ಅಂಗೈಗೆ ಬಂತು.

ದುರ್ಗಾದೇವಿ ಅಂಗೈಯನ್ನು ಹತ್ತಿರ ತಂದಳು, ತೋಳು ಚಾಚಿ ದೂರ ಹಿಡಿದಳು, ಮತ್ತೆ ಹತ್ತಿರ ತಂದಳು.

"ಎಲ್ಲಿ ಅದ ಹಣಮೀ? ನನಗ ಕಾಣವಲ್ದಲ್ಲ."

ಹಣಮಮ್ಮ ಅಕ್ಕನ ಮುಖ ನೋಡಿದಳು. ದುರ್ಗಾದೇವಿ ಮುಳ್ಳು ಕಾಣದ ಅಂಗೈಯನ್ನೂ ತಂಗಿಯನ್ನೂ ಸರದಿಯ ಮೇಲೆ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು, ಅದು ಮುಳ್ಳಿನ ನೋವಿಗಂತೂ ಅಲ್ಲ.

ಬಸವಂತ ಓಡಿ ಬಂದು ಬಸ್ಸು ಹೊರಡುತ್ತದೆ ಎಂದ. ಹಣಮಮ್ಮ ಕೂತಲ್ಲಿಂದಲೇ ಹೇಳಿದಳು, "ಕಲಬುರಗಿಗೆ ಫೋನ್ ಹಚ್ಚು. ಸೋಮವಾರ ನಮ್ಮವ್ವ ಬರಂಗಿಲ್ಲ ಅಂತ ಹೇಳಿಬಿಡು."

ದುರ್ಗಾದೇವಿ ಕನ್ನಡಕದ ಗಾಜನ್ನು ಸೆರಗಿನಿಂದ ಉಜ್ಜಿ, ತಾನೇ ತಂಗಿಯ ಕಿವಿಗೆ ಸಿಕ್ಕಿಸಿದಳು.

"ಬರೋ ಅಮಾಸಿಗಿ ಬೀಗರು ತಿಂಥಣಿಗೆ ಬರತಾರ" ಎಂದಳು. "ನೀನೂ ಬಾ. ಇದನ್ನ ಹಾಕ್ಕೊಂಡ ಬಾ."