ಯಾವೂರು, ಯಾರ ಮನೆ?

ಮಧ್ಯಾಹ್ನ ಗುಬ್ಬಿಯಲ್ಲಿ ತುಮಕೂರು ಬಸ್ಸು ಹತ್ತುವಾಗ ಇಂಪನಾಗೆ ಖುಷಿಯೋ ಖುಷಿ. ಪ್ಯಾಲೆಸ್ಟೀನ್ ಜನರ ಮೇಲೆ ಪಿಎಚ್.ಡಿ ಮಾಡುತ್ತೇನೆಂದಾಗ, ಬೇರೆ ವಿಷಯವೇ ಸಿಗಲಿಲ್ಲವೇ ಎಂದು ಮೂಗು ಮುರಿದವರೆಲ್ಲ ಈಗ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಅವಳ ಮೊದಲ ಪೇಪರ್ ಹಿಂದಿನ ಸಂಜೆ ತಾನೇ ಸೆಮಿನಾರಿನ ವೆಬ್‌ಸೈಟಿಗೆ ಏರಿತ್ತು.

ಪ್ಯಾಲೆಸ್ಟೀನಿನ ಒಬ್ಬ ಟೀಚರ್ ಮತ್ತು ಆಕೆಯ ವಯಸ್ಸಾದ ತಾಯಿ ಹೇಳಿದ ಮಾತುಗಳೇ ಆ ಪೇಪರು. ಇಂಪನಾ ಅವರನ್ನು ಕಣ್ಣಾರೆ ಕಂಡವಳಲ್ಲ. ವರ್ಷವಿಡೀ ಫೋನಿನಲ್ಲೇ ಮಾತು. ತಾಯಿ ಚಿಕ್ಕಂದಿನಲ್ಲೇ ಯುದ್ಧಕ್ಕೆ ಹೆದರಿ ಮನೆ ಬಿಟ್ಟು ಓಡಿಬಂದವರು. ಈಗಿನ ಮನೆಯನ್ನಂತೂ ಜೀವ ಇರುವ ತನಕ ಬಿಡುವುದಿಲ್ಲ ಎಂದು ಹಟ ಹಿಡಿದು ಕೂತವರು. ಜೈಲಿನಲ್ಲಿರುವ ಮಗನ ಬಗ್ಗೆ, ಅವನನ್ನು ಎಳೆದೊಯ್ದವರ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮಗಳು ಕೇಳಿಕೊಂಡದ್ದು ಒಂದೇ: ನಾವು ಯಾರೆಂದು ಯಾರಿಗೂ ಗೊತ್ತಾಗಬಾರದು. ಇಂಪನಾ ಮಾತು ಕೊಟ್ಟು, ಟೀಚರಿಗೆ ಸಲ್ಮಾ ಎಂದು ಹೆಸರಿಟ್ಟಳು. ನಿಜವಾದ ಹೆಸರು ನಮಗೂ ಬೇಡ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಚೇಳೂರಿನ ಹೊಂಬಾಳಮ್ಮ. ಸುಮ್ಮನೆ ಕೂರುವ ಪೈಕಿ ಅಲ್ಲ.

“ಯಾವೂರವ್ವ?”

“ಕಡಬ.”

“ಕಡಬದಲ್ಲಿ ಯಾರ ಮನೆಯೋಳು?”

ಒಂದು ಸಲ ಹೆಸರು ಹೇಳಿದರೆ ಈ ವಿಚಾರಣೆ ತುಮಕೂರಿನ ತನಕ ಮುಗಿಯುವುದಿಲ್ಲವೆಂದು ಇಂಪನಾ ಜಾರಿಕೊಳ್ಳಲು ನೋಡಿದಳು. “ಕೆರೆ ಏರಿ ಹತ್ರ ಕಣಮ್ಮ. ಫ್ಲೋರ್ ಮಿಲ್ ಐತಲ್ಲ, ಅದರ ಹಿಂದೆ.”

“ಅಯ್ಯೋ, ಬೆಟ್ಟಸ್ವಾಮಿ ಮಗಳಾ ನೀನು! ದೊಡ್ಡ ಓದು ಓದ್ತಿರೋಳು? ನಿಮ್ಮಣ್ಣ ಹಿರೇಹಳ್ಳಿ ಫ್ಯಾಕ್ಟ್ರೀಲವ್ನೆ ಅಲ್ವಾ? ನಿನ್ನೆಸ್ರು ಮರ್ತೋಯ್ತು. ಹೆಸ್ರು ಯಾಕ್ ಬುಡು, ಗೊತ್ತಾಯ್ತಲ್ಲ.”

ಇಂಪನಾ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು.

ಗಡಿಬಿಡಿಯಲ್ಲಿ ಫೋನ್ ತೆಗೆದು ತನ್ನ ಪೇಪರನ್ನೇ ಓದಿದಳು. ಸಲ್ಮಾ ಎಂಬ ಸುಳ್ಳು ಹೆಸರು. ಅದರ ಪಕ್ಕದಲ್ಲೇ ಊರಿನ ನಿಜವಾದ ಹೆಸರು. ಆಲಿವ್ ಗಾಣದ ಹಿಂದಿನ ಮನೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ಜೈಲಿನಲ್ಲಿರುವ ತಮ್ಮ. ಇಷ್ಟನ್ನೂ ಬರೆ ಎಂದು ಯಾರೂ ಹೇಳಿರಲಿಲ್ಲ. ಊರು, ಮನೆ ಹೇಳದೆ ಒಬ್ಬರನ್ನು ಪರಿಚಯ ಮಾಡಿಸುವುದು ಇಂಪನಾಳ ಊರ ಕಡೆ ಮರ್ಯಾದೆಯಲ್ಲ. ಹೆಸರಂತೂ ಹೋಯಿತು, ಊರಾದರೂ ಇರಲಿ ಎಂದು ಪ್ರೀತಿಯಿಂದಲೇ ಬರೆದಿದ್ದಳು.

ಗೈಡ್ ಸೋಮಶೇಖರ್ ಅವರಿಗೆ ಫೋನ್ ಮಾಡಿದಳು.

“ಸರ್, ಪೇಪರ್ ತೆಗೆಸಿ ಸರ್. ಈಗ್ಲೇ.”

“ಏನಮ್ಮ, ನಿನ್ನೆ ತಾನೇ ಹಾಕ್ಸಿದೀನಿ. ಹೆಸ್ರು ಬದಲಾಯಿಸಿದೀಯಲ್ಲ?”

“ಊರು ಹಂಗೇ ಬಿಟ್ಟಿದೀನಿ ಸರ್. ಮನೇನೂ. ಆ ಕಡೆಯೋರು ಯಾರು ಓದಿದ್ರೂ ಗೊತ್ತಾಗ್ಬಿಡುತ್ತೆ.”

“ನಾನೂ ಓದಿದ್ನಲ್ಲಮ್ಮ,” ಎಂದರು ಸೋಮಶೇಖರ್. ದನಿ ಕುಗ್ಗಿತ್ತು. “ಇರು, ತೆಗೆಸ್ತೀನಿ.”

ಸಲ್ಮಾಗೆ ಮೆಸೇಜ್ ಕಳಿಸಿದಳು: ತಪ್ಪಾಗಿದೆ, ಊರಿನ ಹೆಸರು ಬಂದುಬಿಟ್ಟಿದೆ, ಹುಷಾರಾಗಿರಿ. ಒಂದೇ ಟಿಕ್ ಬಿತ್ತು. ಎರಡನೆಯದು ಬರಲೇ ಇಲ್ಲ. ಬಂದೂಕು ಹಿಡಿದವನೊಬ್ಬ ಹೊಂಬಾಳಮ್ಮನಷ್ಟೇ ಸಲೀಸಾಗಿ ಗಾಣದ ಹಿಂದಿನ ಮನೆ ಯಾವುದು ಎಂದು ಕೇಳುವುದು, ಬೀದಿಯಲ್ಲಿ ಆಡುವ ಮಗು ಕೈ ತೋರಿಸುವುದು ಕಣ್ಣಿಗೆ ಕಟ್ಟಿದಂತಾಯಿತು.

“ಯಾಕವ್ವ ಹಿಂಗ್ ಬೆವರ್ತಿದೀಯ? ನಾನೇನಾರ ತಪ್ಪಂದ್ನಾ?”

“ಇಲ್ಲ ಕಣಮ್ಮ.”

ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಗೈಡ್ ಫೋನ್ ಬಂತು. ಪೇಪರ್ ತೆಗೆಸಿದ್ದಾಗಿತ್ತು. “ಒಂದು ರಾತ್ರಿ ಇತ್ತಷ್ಟೆ. ಯಾರು ನೋಡಿರ್ತಾರೆ ಬಿಡು,” ಎಂದರು. ಇಂಪನಾ ಉಸಿರು ಬಿಟ್ಟಳು. ಅವರ ಮಾತು ನಿಜವಾಗಿರಲಿ ಎಂದು ಮನೆದೇವರಿಗೆ ಹರಕೆಯನ್ನೂ ಹೊತ್ತುಬಿಟ್ಟಳು.

ಆಗಲೇ ಸಲ್ಮಾಳ ಉತ್ತರ ಬಂದದ್ದು.

“ಬೆಳಿಗ್ಗೆಯೇ ಓದಿದೆ. ದೂರದ ದೇಶದಲ್ಲಿರುವ ನೆಂಟನೊಬ್ಬ ನಮ್ಮ ಊರಿನ ಹೆಸರು ಹುಡುಕುತ್ತಿದ್ದನಂತೆ. ಇದು ನೀವೇ ಅಲ್ಲವೇ ಎಂದು ಕಳಿಸಿದ. ಅವನಿಗೆ ಗೊತ್ತಾದ ಮೇಲೆ ಉಳಿದವರಿಗೆ ಗೊತ್ತಾಗಲು ಎಷ್ಟು ಹೊತ್ತು? ಅಮ್ಮ ಬಾಗಿಲು ಹಿಡಿದುಕೊಂಡು ಬಿಡಲಿಲ್ಲ. ಬೆರಳು ಬಿಡಿಸಿ, ಎತ್ತಿ ಕಾರಿನಲ್ಲಿ ಕೂರಿಸಿದೆವು. ಹೊರಟಿದ್ದೇವೆ. ಯಾವೂರಿಗೆ ಎಂದು ಮಾತ್ರ ಕೇಳಬೇಡ.”