ಸಿಹಿ ಇಲ್ಲದ ಬುತ್ತಿ

ಗಂಡನ ಹೆಸರು ಹೇಳಬಾರದು ಎಂದು ನಮ್ಮತ್ತೆ ಕಲಿಸಿದ್ದರು. ಆದರೆ ಗದುಗಿನ ಪೊಲೀಸರೇ ಅದನ್ನು ಬರೆದುಕೊಂಡು, ಕೋರ್ಟಿನಲ್ಲಿ ಎಲ್ಲರೆದುರು ಕೂಗಿ ಕರೆದ ಮೇಲೆ ನಾನೊಬ್ಬಳು ಮುಚ್ಚಿಟ್ಟು ಏನು ಮಾಡಲಿ? ಹುಚ್ಚೀರಪ್ಪ. ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ಹೊಲ ಮಾಡಿಕೊಂಡು ಮರ್ಯಾದೆಯಿಂದಿರುವ ಮನುಷ್ಯ. ಈ ವಯಸ್ಸಿನಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರು. ಕಾರು ನಮ್ಮದಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ಅದು ಬೀಗರ ಕಾರು.

ಮಗಳು ಅಂಕಿತಾಳನ್ನು ಮುಂಡರಗಿಗೆ ಕೊಟ್ಟಿದ್ದೇವೆ. ಅಳಿಯ ನಂದೀಶನಿಗೆ ಅಲ್ಲಿ ಗೊಬ್ಬರದ ಅಂಗಡಿ ಇದೆ. ಮನೆಯ ಹಿರಿತನ ಅವನ ತಾಯಿ ಅಮೃತವ್ವನವರದು. ಕಾರೂ ಅವರ ಹೆಸರಿನಲ್ಲೇ ಇದೆ. ಕುಬಸದ ಶಾಸ್ತ್ರ ಮುಗಿಸಿ ಬಸುರಿ ಮಗಳನ್ನು ತವರಿಗೆ ಕರೆತರುವ ದಿನ ಅವರಾಗಿಯೇ ಕಾರಿನ ಕೀಲಿ ತಂದು ನಮ್ಮ ಮನೆಯವರ ಕೈಗಿಟ್ಟಿದ್ದರು.

"ದವಾಖಾನಿಗೆ ಹೋಗಿಬರಾಕ ಬೇಕಾಕ್ಕೈತಿ ಬೀಗರ. ಆಕೀನ್ನ ಬಸ್ಸಿನ್ಯಾಗ ಕುಲುಕಾಡಸಬ್ಯಾಡ್ರಿ. ಹೆರಿಗಿ ಆಗೂತನಕ ಗಾಡಿ ನಿಮ್ಮ ಹತ್ರನ ಇರ್ಲಿ."

ಇಂಥ ಬೀಗಿತ್ತಿ ಯಾರಿಗೆ ಸಿಗುತ್ತಾರೆ? ಹೆಣ್ಣು ನೋಡಲು ಬಂದಾಗಲೂ ಕೊಡುವ ತರುವ ಮಾತೆತ್ತಿದವರಲ್ಲ. ಕೇಳಿದ್ದು ಒಂದೇ ಮಾತು. "ನಿಮ್ಮ ಮನ್ಯಾಗ ಯಾರರ ಕುಡೀತಾರೇನ್ರಿ?" ಅವರ ಗಂಡ ಕುಡಿದು ಕುಡಿದೇ ಸತ್ತವರು. "ಇಲ್ರಿ" ಎಂದುಬಿಟ್ಟರು ಇವರು. ಆ ದಿನಕ್ಕೆ ಅದು ಸುಳ್ಳೇ. ಆದರೆ ಆವತ್ತಿನಿಂದ ಬಾಟಲಿ ಮುಟ್ಟದೆ ಆ ಸುಳ್ಳನ್ನು ಖರೆ ಮಾಡಿದ್ದರು. ಅದನ್ನು ಹೇಳದಿದ್ದರೆ ನನ್ನ ನಾಲಿಗೆಗೆ ಒಳ್ಳೆಯದಾಗುವುದಿಲ್ಲ.

ಎಲ್ಲ ಕೆಟ್ಟದ್ದು ಗದುಗಿನ ಪಕ್ಕದ ಬೆಟಗೇರಿಯಲ್ಲಿ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬೀಗಿತ್ತಿಗೆ ಉಡಿಸಲು ಒಂದು ಒಳ್ಳೆಯ ಸೀರೆ ಬೇಕಲ್ಲ, ನೇಕಾರರ ಮನೆಯಿಂದಲೇ ತರುತ್ತೇನೆ ಎಂದು ಇವರು ಕಾರು ತೆಗೆದುಕೊಂಡು ಹೋದರು. ಸೀರೆಯನ್ನೂ ತೆಗೆದುಕೊಂಡರು. ಅಷ್ಟರಲ್ಲಿ ಹಳೆಯ ದೋಸ್ತ ಹೊನ್ನೇಶ ಸಿಕ್ಕನಂತೆ. "ಅಜ್ಜ ಆಗಾಕ ಹತ್ತೀಯಲೇ, ಹಂಗ ಹೊಕ್ಕೀಯೇನು?" ಅಂದನಂತೆ. ಹೊನ್ನೇಶ ಬಾಯಿಗೆ ಸುರಿಯಲಿಲ್ಲ, ಗ್ಲಾಸನ್ನು ಎತ್ತಿದ್ದು ಇವರ ಕೈಯೇ. ಮುಂಡರಗಿ ರಸ್ತೆಗೆ ತಿರುಗುವಷ್ಟರಲ್ಲಿ ಪೊಲೀಸರು ಅಡ್ಡಗಟ್ಟಿ ಮೂತಿಗೆ ಮಷಿನ್ ಹಿಡಿದು "ಊದ್ರಿ" ಎಂದರು. ಇವರು ಊದಿದರು.

ಕೋರ್ಟಿಗೆ ಹೋಗಿ ದಂಡ ಕಟ್ಟಿದ್ದಾಯಿತು. ಆದರೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರೇ ಬಂದು ಸಹಿ ಮಾಡಿ ಬಿಡಿಸಿಕೊಳ್ಳಬೇಕು ಎಂದು ಠಾಣೆಯಲ್ಲಿ ಹೇಳಿ ಕಳಿಸಿದರು. ಮನೆಯಲ್ಲಿ ಅಂಕಿತಾಗೆ ಗಾಡಿ ರಿಪೇರಿಗೆ ಬಿಟ್ಟಿದೆ ಎಂದೆವು. ಆಕೆಯನ್ನು ಡಾಕ್ಟರಿಗೆ ತೋರಿಸುವ ದಿನ ಹತ್ತಿರ ಬರುತ್ತಿತ್ತು.

ನನಗೆ ಕಾರಿನ ಚಿಂತೆ ಇರಲಿಲ್ಲ. ನಾಳೆ ಕೂಸನ್ನೆತ್ತಿಕೊಂಡು ಮಗಳು ಅದೇ ಮನೆಗೆ ಮರಳಬೇಕು. ಒಂದು ತಪ್ಪು ನಡೆದರೆ, ಒಂದು ಪಾತ್ರೆ ಬಿದ್ದರೆ, "ಕುಡುಕನ ಮಗಳು, ಸುಳ್ಳು ಹೇಳಿ ಕೊಟ್ಟರು" ಎಂಬ ಮಾತು ಆಕೆಯ ಬೆನ್ನು ಹತ್ತಬಾರದು.

ಕೊನೆಗೆ ಒಂದು ಬೆಳಿಗ್ಗೆ, ಪಕ್ಕದ ಮನೆಯ ಹನಮಂತವ್ವನನ್ನು ಮಗಳ ಜೊತೆಗೆ ಬಿಟ್ಟು, ಇಬ್ಬರೂ ಮುಂಡರಗಿಗೆ ಹೊರಟೆವು. ಬರಿಗೈಯಲ್ಲಿ ಬೀಗರ ಮನೆ ಮೆಟ್ಟಿಲು ಹತ್ತುವುದಕ್ಕೆ ಆಗುತ್ತದೆಯೇ? ರೊಟ್ಟಿ ಬಡಿದೆ, ಝುಣಕ ಮಾಡಿದೆ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಎಲ್ಲ ಇಟ್ಟು ಬಿಳಿ ಪಂಚೆಯಲ್ಲಿ ಬುತ್ತಿ ಕಟ್ಟಿದೆ. ಹೋಳಿಗೆಗೆ ಬೇಳೆ ಹಾಕಲು ಡಬ್ಬಿ ತೆಗೆದವಳು ಮತ್ತೆ ಮುಚ್ಚಿಟ್ಟೆ. ಯಾವ ಮುಖ ಹೊತ್ತು ಸಿಹಿ ಮಾಡಲಿ ಎನ್ನಿಸಿತು.

ಬಸ್ಸಿನಲ್ಲಿ ಇವರಿಗೆ ಸುಳ್ಳನ್ನು ಬಾಯಿಪಾಠ ಮಾಡಿಸಿದೆ. ನಿಲ್ಲಿಸಬಾರದ ಜಾಗದಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಹಿಡಿದರು, ನಿಮ್ಮದೊಂದು ಸಹಿ ಬೇಕು, ಅಷ್ಟೇ. ಇವರು ಶಾಲೆಯ ಮಕ್ಕಳಂತೆ ತಲೆಯಾಡಿಸಿದರು.

ಅಮೃತವ್ವ ಬಾಗಿಲಲ್ಲಿ ನಮ್ಮನ್ನು ನೋಡಿದರು. ನಮ್ಮ ಬೆನ್ನ ಹಿಂದೆ ಕಾರು ಹುಡುಕಿದರು. "ಬರ್ರಿ, ಕುಂಡ್ರಿ. ಒಂದ ಫೋನ್ ಮಾಡಬಾರದೇನ್ರಿ?" ಎಂದು ನೀರು ಕೊಟ್ಟರು. ಇವರು ತಲೆ ತಗ್ಗಿಸಿ ಕೂತರು. ನಾನು "ಅಕ್ಕಾರ, ಒಂದ ಮಾತ ಹೇಳೂದೈತ್ರಿ" ಎಂದೆ. ಮುಂದಿನದನ್ನು ಹೇಳುವ ಬದಲು ಬುತ್ತಿಯ ಗಂಟನ್ನು ಅವರ ಮುಂದೆ ಸರಿಸಿದೆ. ನನ್ನ ಮುಖವನ್ನೇ ನೋಡುತ್ತ ಅವರು ಬುತ್ತಿಯನ್ನು ಒಳಗೆ ಒಯ್ದರು.

ಒಳಗಿನಿಂದ ಕೇಳಿದ ಆ ಚೀರು ಇನ್ನೂ ನನ್ನ ಕಿವಿಯಲ್ಲಿದೆ.

"ಅಯ್ಯೋ ಅಂಕಿತಾ! ನನ್ನ ಮಗಳಽ!"

ಓಡಿದೆ. ಅಮೃತವ್ವ ಬಿಚ್ಚಿದ ಗಂಟಿನ ಮುಂದೆ ನೆಲಕ್ಕೆ ಕುಸಿದು ಎದೆ ಬಡಿದುಕೊಳ್ಳುತ್ತಿದ್ದರು. ಆಗ ನನಗೆ ತಿಳಿಯಿತು, ನಾನು ಎಂಥ ಕೆಲಸ ಮಾಡಿದ್ದೇನೆಂದು. ನಮ್ಮ ಕಡೆ ನೆಂಟರ ಮನೆಗೆ ಬುತ್ತಿ ಒಯ್ದರೆ ಅದರಲ್ಲಿ ಸಿಹಿ ಇರಲೇಬೇಕು. ಸಿಹಿ ಇಲ್ಲದ ಬುತ್ತಿ ಹೋಗುವುದು ಸಾವಾದ ಮನೆಗೆ, ಒಲೆ ಹಚ್ಚದ ಮನೆಗೆ. ಫೋನಿಲ್ಲ, ಕಾರಿಲ್ಲ, ಗಂಡ ಹೆಂಡತಿ ಇಬ್ಬರೂ ಸತ್ತ ಮುಖ ಹೊತ್ತು ಬಂದು ಕೂತಿದ್ದಾರೆ, ಗಂಟು ಬಿಚ್ಚಿದರೆ ಒಂದು ಚೂರು ಬೆಲ್ಲವೂ ಇಲ್ಲ. ಮಗಳನ್ನು ಕಳೆದುಕೊಂಡವಳು ರೊಟ್ಟಿ ಬಡಿಯುತ್ತ ಕೂರುತ್ತಾಳೆಯೇ ಎಂದು ಯೋಚಿಸುವಷ್ಟು ಸಮಾಧಾನ ಆ ಜೀವಕ್ಕೆ ಎಲ್ಲಿಂದ ಬರಬೇಕು?

ನಾನು ಬಾಯಿ ತೆರೆಯುವ ಮೊದಲೇ ಇವರು ಹೊಸ್ತಿಲಲ್ಲಿ ನಿಂತು, ಇಡೀ ಓಣಿಗೆ ಕೇಳುವಂತೆ ಒದರಿದರು.

"ಅಂಕಿತಾ ಆರಾಮ ಅದಾಳ್ರೀ! ಹೊಟ್ಟ್ಯಾಗಿನ ಕೂಸೂ ಆರಾಮ ಐತ್ರೀ! ನಾನ ಕುಡದಿದ್ನಿ! ಕುಡದ ಗಾಡಿ ಹೊಡದಿದ್ನಿ, ಪೊಲೀಸರು ಹಿಡದಾರ್ರಿ!"

ಬಸ್ಸಿನ ದಾರಿಯುದ್ದಕ್ಕೂ ಕಲಿಸಿದ ಸುಳ್ಳು ಗಾಳಿಗೆ ಹೋಯಿತು.

ಅಮೃತವ್ವ ನಂಬಲಿಲ್ಲ. ನಾನು ಫೋನ್ ಹಚ್ಚಿ ಅವರ ಕಿವಿಗೆ ಹಿಡಿದೆ. "ಅತ್ತೀ, ಹೆಂಗದೀರ್ರಿ? ನಂದ ಈಗ ನಾಷ್ಟಾ ಆತ್ರಿ" ಎಂದಿತು ಅತ್ತಲಿಂದ ಮಗಳ ದನಿ. ಅಮೃತವ್ವ ಏನೇನೋ ಹೇಳಿ ಫೋನಿಟ್ಟು, ಅಳುತ್ತಲೇ ನಗತೊಡಗಿದರು. ನಾನೂ ಅತ್ತೆ. ಆಮೇಲೆ ಅವರು ಕಣ್ಣೊರೆಸಿಕೊಂಡು ಇವರತ್ತ ತಿರುಗಿದರು. ನಗು ಹೋಗಿತ್ತು.

"ನಿಮ್ಮ ಮನ್ಯಾಗ ಯಾರೂ ಕುಡ್ಯೂದಿಲ್ಲ ಅಂದಿದ್ರಿ."

"ಅಂದಿದ್ನಿ ಅಕ್ಕಾರ. ಆವತ್ತ ಸುಳ್ಳ ಹೇಳಿದ್ನಿ. ಆವತ್ತಿಂದ ಬಿಟ್ಟಿದ್ನಿ, ಈಗ ಒಮ್ಮಿ ತಪ್ಪೀನಿ." ಇವರು ಕೈ ಮುಗಿದರು. "ನನಗ ಏನ ಬೈದ್ರೂ ಬೈರಿ. ಚಪ್ಪಲಿ ತಗೊಂಡ ಹೊಡೀರಿ. ಆದ್ರ ಇದನ್ನ ನನ್ನ ಮಗಳಿಗೆ ಅನಬ್ಯಾಡ್ರಿ. ಆಕೀದೇನೂ ತಪ್ಪಿಲ್ರಿ."

ಅಮೃತವ್ವ ಗೋಡೆಯತ್ತ ತಿರುಗಿದರು. ಅದಕ್ಕೇ ಹೇಳುವಂತೆ ಹೇಳಿದರು: "ನಮ್ಮ ಮನಿಯವರು ದಿನಾ ಸಂಜಿಮುಂದ ಬಾಗಲದಾಗ ಬಂದ ನಿಂತ್ರ ನಾನ ಹತ್ರ ಹೋಗಿ ಮೂಸತಿದ್ನಿ. ಇವತ್ತರ ಕುಡದಿರಾಕಿಲ್ಲ, ಇವತ್ತರ ಕುಡದಿರಾಕಿಲ್ಲ ಅಂತ. ಒಂದ ದಿವಸನೂ ನಂದ ಖರೆ ಆಗಲಿಲ್ಲ. ಕೇಳಿದ್ರ ಸುಳ್ಳ ಹೇಳತಿದ್ರು. ಒಮ್ಮೀನೂ ಹಿಂಗ ಬಾಯಿಬಿಟ್ಟ ಹೇಳಲಿಲ್ಲ."

ಎದ್ದು ತಾಟು ಹಾಕಿದರು. ಡಬ್ಬಿಯಿಂದ ಬೆಲ್ಲ ತೆಗೆದು ಎಲ್ಲರ ತಾಟಿಗೂ ಒಂದೊಂದು ಚೂರು ಮೊದಲು ಬಡಿಸಿ, ಆಮೇಲೆ ನನ್ನ ಬುತ್ತಿಯ ರೊಟ್ಟಿ ಹಾಕಿದರು. "ಇನ್ನೊಮ್ಮಿ ಹಿಂಗ ಬುತ್ತಿ ತಂದ್ರ ನಿಮ್ಮನ್ನ ನಾನ ಪೊಲೀಸರಿಗೆ ಹಿಡದ ಕೊಡ್ತೀನಿ ನೋಡ್ರಿ" ಎಂದು ನನ್ನನ್ನು ಬೈದರು. ಆ ಬೈಗುಳ ತಿಂದ ಮೇಲೆಯೇ ನನಗೆ ತುತ್ತು ಇಳಿದದ್ದು.

ಊಟವಾದ ಮೇಲೆ ನಂದೀಶನನ್ನೂ ಕರೆದುಕೊಂಡು ಗದುಗಿಗೆ ಹೋದೆವು. ಓಣಿಯೆಲ್ಲ ಕೇಳಿದ್ದು ಅಂಗಡಿಗೆ ಮುಟ್ಟಿರಲಿಕ್ಕಿಲ್ಲವೇ? ಪಾಪ, ಹುಡುಗ ಮಾವನ ಮುಖ ನೋಡಲು ತಾನೇ ನಾಚಿಕೊಂಡು ಬಸ್ಸಿನ ಕಿಟಕಿಯಾಚೆ ನೋಡುತ್ತ ಕೂತಿದ್ದ. ಠಾಣೆಯ ಹಿಂದೆ ಬೇವಿನ ಮರದಡಿ ಕಾರು ಧೂಳು ತಿನ್ನುತ್ತ ನಿಂತಿತ್ತು.

"ಇವರ ಕೈಯಾಗ ಗೊತ್ತಿದ್ದ ಕೊಟ್ಟಿದ್ರೇನವಾ?" ಎಂದು ಹವಾಲ್ದಾರ ಕೇಳಿದರು.

"ಹೌದ್ರಿ. ನಮ್ಮ ಬೀಗರು."

"ಇನ್ನಮ್ಯಾಲೆ ಕೊಡಬ್ಯಾಡ್ರಿ."

"ಅದು ನಮ್ಮ ಮನಿ ಮಾತ್ರಿ. ನಾವ ನೋಡ್ಕೋತೀವಿ" ಎಂದು ಅಮೃತವ್ವ ಸಹಿ ಮಾಡಿ ಕೀಲಿ ತೆಗೆದುಕೊಂಡರು. ಅದನ್ನು ನಂದೀಶನಿಗೆ ಕೊಟ್ಟರು. ಇವರು ಹಿಂದಿನ ಬಾಗಿಲು ತೆಗೆದು ಕೂರುವಾಗ ಸೀಟಿನ ಮೇಲಿದ್ದ ಕಾಗದದ ಕಟ್ಟಿನ ಮೇಲೆ ಕೈಯಿಟ್ಟರು. ಸೀರೆ. ಕುಡಿಯುವ ಮೊದಲು ಕೊಂಡದ್ದು, ನಾಚಿಕೆಯಲ್ಲಿ ಮರೆತೇ ಹೋಗಿತ್ತು.

"ನಿಮಗ ಅಂತ ತಂದಿದ್ನಿ ಅಕ್ಕಾರ" ಎಂದರು ಮೆಲ್ಲಗೆ.

ಅಮೃತವ್ವ ಕಾಗದ ಸರಿಸಿ ನೋಡಿದರು. ನೇರಳೆ ಒಡಲು, ಕೆಂಪು ಅಂಚು. ಅಂಚಿನ ಮೇಲೆ ಬೆರಳಾಡಿಸಿದರು. "ಛಲೋ ಐತಿ. ಆದ್ರ ಈಗ ಉಡೂದಿಲ್ಲ. ತೊಟ್ಟಲದ ದಿವಸ ನೋಡೂಣು" ಎಂದು ಮಡಿಸಿಟ್ಟುಕೊಂಡರು. ಕೊರ್ಲಹಳ್ಳಿ ಮುಟ್ಟುವವರೆಗೂ ಮತ್ತೆ ಆ ಮಾತೆತ್ತಲಿಲ್ಲ. ನಮ್ಮ ಮನೆಯಲ್ಲಿ ಅಂಕಿತಾಳ ಪಕ್ಕ ಕೂತು ಆಕೆಯ ತಲೆ ನೇವರಿಸಿದರು. "ಗಾಡಿ ರಿಪೇರಿ ಆತವಾ" ಎಂದಷ್ಟೇ ಹೇಳಿದರು.

ಅಂಕಿತಾ ಹೆಣ್ಣುಕೂಸು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ಬೀಗರೆಲ್ಲ ಬುತ್ತಿ ಹೊತ್ತು ಬಂದಿಳಿದರು. ಅಮೃತವ್ವ ಉಟ್ಟಿದ್ದು ಹಳೆಯ ಸೀರೆ. ಅದನ್ನು ಕಂಡ ಇವರ ಮುಖ ಬಾಡಿಹೋಯಿತು. ಆ ದಿನದಿಂದ ಇವರು ಬೆಟಗೇರಿ ದಿಕ್ಕಿಗೇ ಹೋಗಿರಲಿಲ್ಲ, ಹೊನ್ನೇಶನ ಫೋನನ್ನೂ ಎತ್ತಿರಲಿಲ್ಲ. ಆದರೆ ಅದನ್ನು ಯಾರಿಗೆ ಹೇಳಿ ನಂಬಿಸುವುದು? ಹಿತ್ತಲಿಗೆ ಹೋಗಿ ನಿಂತರು.

ಅಮೃತವ್ವ ಕೈಚೀಲ ಹಿಡಿದುಕೊಂಡೇ ಹಿಂದೆ ಹೋದರು. ನಾನು ಅಡುಗೆಮನೆ ಬಾಗಿಲಲ್ಲಿದ್ದೆ, ಬೇರೆ ಯಾರೂ ಇರಲಿಲ್ಲ.

"ಬೀಗರ" ಎಂದರು. "ಊದ್ರಿ."

ಇವರು ಅವರತ್ತ ತಿರುಗಿದರು. ಆಮೇಲೆ ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡು ಊದಿದರು. ಅಮೃತವ್ವ ಮುಖ ಹತ್ತಿರ ತಂದು ಮೂಸಿದರು. ಅವರ ಕಣ್ಣು ತುಂಬಿ ಬಂತು.

"ಎಲಿ ಅಡಕಿ" ಎಂದರು ನನ್ನತ್ತ ತಿರುಗಿ. "ಬರೇ ಎಲಿ ಅಡಕಿ ವಾಸನಿ, ಸುಮಿತ್ರಾ."

ಒಳಗೆ ಹೋಗಿ ಕೈಚೀಲದಿಂದ ಆ ನೇರಳೆ ಸೀರೆ ತೆಗೆದು ಉಟ್ಟುಕೊಂಡು ಬಂದು, ಮೊಮ್ಮಗಳನ್ನು ಎತ್ತಿ ತೊಟ್ಟಿಲಿಗೆ ಹಾಕಿದರು.